ಉಪ್ಪಿಟ್ಟಿಗೆ ಉಪ್ಪು ಸರಿ ಇತ್ತೇನ್ರಿ?

ಜಮಖಂಡಿ
ಗುರುವಾರ, ೯ ನವೆಂಬರ್ ೨೦೦೬

ನನ್ನ ಮುದ್ದಿನ ಮೊಮ್ಮಗಳು ಮಿತ್ರಾ,

ಮುತ್ಯಾನ ಜೈಭೀಮ. ಕೆಮ್ಮು ಹೋಯಿತೇ? ಬೆಳಗಾವಿಯ ಚಳಿ ನಮ್ಮ ಕಡೆಯವರ ಎದೆಗೆ ಆಗಿಬರುವುದಿಲ್ಲ, ಕಿವಿಗೆ ಸ್ಕಾರ್ಫ್ ಕಟ್ಟಿಕೊಳ್ಳದೆ ಹೊರಗೆ ಬೀಳಬೇಡ. ನಿನ್ನ ಅವ್ವ ರೇಷ್ಮಾ ಕಟ್ಟಿಕೊಟ್ಟ ಖಡಕ್ ರೊಟ್ಟಿ ನಿನ್ನ ಹೊಟ್ಟೆಗೆ ಹೋದವೋ, ಕೋಣೆಯ ಹುಡುಗಿಯರೇ ಮುಗಿಸಿದರೋ? ಇಲ್ಲಿ ನಾನು ಆರಾಮಾಗಿದ್ದೇನೆ, ನನ್ನ ಚಿಂತೆ ಮಾಡಬೇಡ. ತಕರಾರು ಏನಿದ್ದರೂ ನನ್ನ ಚಪ್ಪಲಿಗಳದ್ದು. ಅವು ಈಗೀಗ ನನ್ನ ಮಾತು ಕೇಳುತ್ತಿಲ್ಲ. ಒಂದು ನನ್ನ ಜೊತೆ ಮನೆಗೆ ಬಂದರೆ ಇನ್ನೊಂದು ದಾರಿಯಲ್ಲೇ ಉಳಿದಿರುತ್ತದೆ. ಹೋದ ಸಂತೆಯ ದಿನ ಒಂದೇ ಚಪ್ಪಲಿಯಲ್ಲಿ ಮನೆ ಮುಟ್ಟಿದೆ. ನಿನ್ನ ಆಯಿ ಬಾಗಿಲಲ್ಲೇ ನಿಂತು, "ಮುದುಕಗ ಚಪ್ಪಲಿ ಸೈತ ಒಲ್ಲೆ ಅನ್ನಾಕತ್ತಾವ" ಎಂದು ಓಣಿಗೆಲ್ಲ ಕೇಳುವಂತೆ ನಕ್ಕಳು. ನಗಲಿ, ಅವಳು ನಕ್ಕರೆ ಮನೆಗೇ ಒಂದು ಕಳೆ.

ನಿನ್ನ ಪತ್ರ ಮುಟ್ಟಿತು. ಫೋನು ಮಾಡಬಹುದಿತ್ತು, ಬೇಕೆಂದೇ ಮಾಡಲಿಲ್ಲ. ಫೋನಿನಲ್ಲಿ ನೀನು ಅಳುತ್ತೀ, ನಾನು "ಅಳಬ್ಯಾಡವ್ವ" ಎನ್ನುತ್ತೇನೆ, ಪಕ್ಕದಲ್ಲಿ ನಿಮ್ಮ ವಾರ್ಡನ್ ಬಾಯಿಯವರು ಗಡಿಯಾರ ನೋಡುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಪತ್ರದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಪಾಪ ಎನ್ನಿಸಿತು, ಆಮೇಲೆ ಇನ್ನೂ ಜಾಸ್ತಿ ಸಿಟ್ಟು ಬಂತು. ಗೋಕಾಕ ಕಡೆಯ ಒಬ್ಬ ಮುದುಕ ರೋಗಿಯ ಮುಂದೆ ನಿನ್ನನ್ನು ನಿಲ್ಲಿಸಿ, ಅವನ ತ್ರಾಸವನ್ನೆಲ್ಲ ಕೇಳಿ ಬರೆದುಕೊಂಡು ಬಾ ಎಂದರಂತೆ. ನೋವು ಇದೆಯೇ ಎಂದರೆ ಅವನು "ಆರಾಮ ಐತ್ರಿ" ಎಂದನಂತೆ, ನಿದ್ದೆ ಬರುತ್ತದೆಯೇ ಎಂದರೂ ಆರಾಮ, ಹಸಿವೆಗೂ ಆರಾಮ. ನೀನು ಹಾಗೆಯೇ ಬರೆದೆ. ಮರುದಿನ ಡಾಕ್ಟರು ಅವನ ಹೊಟ್ಟೆ ಒತ್ತಿದ ಕೂಡಲೇ ಅವನು ವಾರ್ಡು ಹಾರಿಹೋಗುವ ಹಾಗೆ ಚೀರಿದ. ನಿಮ್ಮ ಮೇಡಂ ಎಲ್ಲ ಹುಡುಗಿಯರ ಎದುರಿಗೆ, ನೀನು ರೋಗಿಯನ್ನು ಕೇಳಿದೆಯಾ ಗೋಡೆಯನ್ನು ಕೇಳಿದೆಯಾ ಎಂದರು. ಅಷ್ಟಕ್ಕೇ, "ಮುತ್ಯಾ, ಮಂದಿ ಜೋಡಿ ಮಾತಾಡೂದು ನನಗ ಬರೂದಿಲ್ಲ, ಈ ಕೆಲಸಾ ನಂದಲ್ಲ, ರವಿವಾರ ಬಂದು ಕರಕೊಂಡು ಹೋಗು" ಎಂದು ಬರೆದಿದ್ದೀ! ನರ್ಸಿಂಗಿನ ಮೂರನೆಯ ವರ್ಷಕ್ಕೆ ಬಂದು ನಿಂತವಳು, ನಮ್ಮ ಮನೆತನದಲ್ಲಿ ಆ ಬಿಳಿ ಬಟ್ಟೆ ಮೊದಲ ಸಲ ತೊಟ್ಟವಳು, ಒಬ್ಬ ಮುದುಕ ಆರಾಮ ಎಂದದ್ದಕ್ಕೆ ಗಂಟುಮೂಟೆ ಕಟ್ಟುತ್ತೀಯಾ? ನಿನ್ನ ಅಪ್ಪ ಪರಮಾನಂದನಿಗೆ ಹೇಳಬೇಡ ಎಂದು ಅಡಿಗೆರೆ ಬೇರೆ ಎಳೆದಿದ್ದೀ. ಹೇಳಿಲ್ಲ. ರವಿವಾರ ಮೊದಲನೆಯ ಬಸ್ಸಿಗೆ ಬರುತ್ತೇನೆ, ಅದೂ ಖರೆ. ಆದರೆ ಪೆಟ್ಟಿಗೆ ಕಟ್ಟುವ ಮೊದಲು ಇಲ್ಲಿ ನಡೆದದ್ದನ್ನು ಪೂರ್ತಿ ಓದು.

ಗಾಬರಿಯಾಗಬೇಡ, ನಿನ್ನ ಆಯಿ ದವಾಖಾನೆಯಲ್ಲಿದ್ದು ನಿನ್ನೆ ಮನೆಗೆ ಬಂದಳು. ಇದನ್ನು ಬರೆಯುವ ಹೊತ್ತಿಗೆ ಅಂಗಳದಲ್ಲಿ ಕುಳಿತು ಮೆಂತ್ಯೆ ಪಲ್ಯದ ಸೊಪ್ಪು ಸೋಸುತ್ತ, ಏನು ಬರೆಯುತ್ತಿದ್ದೇನೆಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಾಳೆ. ಹಂಚು ತಾಗಿ ಬೆರಳು ಸುಟ್ಟುಕೊಂಡದ್ದು ಎಷ್ಟು ದಿನವಾದರೂ ಮಾಯಲಿಲ್ಲ. ಶನಿವಾರ ಬಸ್ ಸ್ಟ್ಯಾಂಡಿನ ಹಿಂದಿನ ಸಣ್ಣ ದವಾಖಾನೆಗೆ ಕರೆದುಕೊಂಡು ಹೋದರೆ, ರಕ್ತದಲ್ಲಿ ಸಕ್ಕರೆ ಏರಿ ಕುಳಿತಿದೆ, ನಾಲ್ಕು ದಿನ ಇಲ್ಲಿಯೇ ಇರಲಿ ಎಂದರು. ಚಹಾಕ್ಕೆ ಸಕ್ಕರೆ ಹಾಕಲು ಕೈ ಹಿಡಿಯುವ ನಿನ್ನ ಆಯಿಗೆ ಸಕ್ಕರೆ ಬೇನೆ! "ನಾ ಏನ ಸಮೀರವಾಡಿ ಸಕ್ರಿ ಫ್ಯಾಕ್ಟರಿ ನುಂಗೇನೇನ?" ಎಂದು ಡಾಕ್ಟರ ಮುಂದೆಯೇ ಕೇಳಿದಳು.

ಅಲ್ಲಿಯ ನರ್ಸು ಅಕ್ಷತಾ ಎಂಬ ಹುಡುಗಿ. ಬೀಳಗಿ ಕಡೆಯವಳು, ನಿನಗಿಂತ ಎರಡೋ ಮೂರೋ ವರ್ಷ ದೊಡ್ಡವಳಿರಬೇಕು, ಕೈ ಬಹಳ ಹಗುರ. ಸೇರಿಸಿಕೊಂಡ ದಿನ ಅವಳೂ ನಿನ್ನ ಹಾಗೆಯೇ ಕಾಗದ ಹಿಡಿದು ಮಂಚದ ಪಕ್ಕ ನಿಂತಳು. "ಏನ್ ತ್ರಾಸ ಐತ್ರಿ ಆಯಿ?" ಎಂದಳು. ನಿನ್ನ ಆಯಿ, "ಏನಿಲ್ಲವ್ವ, ಇವರ ಸುಮ್ಮನ ಕರಕೊಂಡ ಬಂದಾರ. ನೀ ಎಟ್ಟೊತ್ತ ನಿಂದರತಿ, ಕುಂಡ್ರ" ಎಂದಳು. ನಿದ್ದೆ ಹೇಗೆ ಎಂದರೆ ಛಲೋ ಐತಿ. ಮನೆಗೆ ಬಂದ ಬೀಗರನ್ನು ಮಾತಾಡಿಸಿದ ಹಾಗೆ ಒಂದೊಂದಕ್ಕೂ ಛಲೋ ಛಲೋ ಎಂದು ಮಾತು ಮುಗಿಸಿ, ಕಡೆಗೆ ನಿನ್ನ ತವರು ಯಾವುದು, ಮದುವೆ ಆಯಿತೇ ಎಂದು ತಾನೇ ಅವಳನ್ನು ಕೇಳತೊಡಗಿದಳು. ರಾತ್ರಿಯೆಲ್ಲ ನೀರು ಕುಡಿಯಲು ಏಳುವ ಹೆಂಗಸು! ನಾನು ಬಾಗಿಲಲ್ಲಿ ನಿಂತು ಹಲ್ಲು ಕಡಿದೆ. ಅಕ್ಷತಾ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದಳು.

ಈಗ ಸೋಮವಾರದ ಮಾತು. ಪಕ್ಕದ ಮಂಚದಲ್ಲಿ ತಂಗೆವ್ವ ಎಂದು ಒಬ್ಬರು ಇದ್ದರು, ಹಿನ್ನೀರಿನಲ್ಲಿ ಊರು ಮುಳುಗಿ ಹೊಸ ಊರಿಗೆ ಬಂದ ಲಿಂಗವಂತರ ಹೆಣ್ಣುಮಗಳು, ಮೊಣಕಾಲು ಬಾತು ಬಂದಿದ್ದರು. ಕಾರ್ತಿಕ ಸೋಮವಾರ, ಸಂಜೆ ಲಿಂಗಪೂಜೆ ಆಗುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಬೆಳಿಗ್ಗೆ ಉಪ್ಪಿಟ್ಟಿನ ತಾಟು ಬಂತು. ನಮ್ಮ ಮನೆಯಲ್ಲಿ ವಾರ, ಉಪವಾಸ ಎಲ್ಲ ಬಿಟ್ಟು ಎಷ್ಟು ವರ್ಷವಾಯಿತು ನಿನಗೇ ಗೊತ್ತು. ಆದರೂ ನಿನ್ನ ಆಯಿ ಪಕ್ಕದ ಮಂಚ ನೋಡಿದಳು, ತನ್ನ ತಾಟಿನ ಮೇಲೆ ಇನ್ನೊಂದು ತಾಟು ಬೋರಲು ಹಾಕಿ ಮಂಚದ ಕೆಳಗೆ ಸರಿಸಿದಳು. ಆಮೇಲೆ ನಾನು ಕೇಳಿದ್ದಕ್ಕೆ, "ಬಾಜೂಕಿನಾಕಿ ಹಸದ ಕುಂತಿರಬೇಕಾದರ ನನ್ನ ಗಂಟಲಾಗ ಹೆಂಗ ಇಳೀತೈತಿ?" ಎಂದು ನನಗೇ ಜಬರಿಸಿದಳು. ತುಬಚಿ ಊರಿನ ಮಗಳು, ಹೊಳೆದಂಡೆಯ ಮಂದಿಯ ಮರ್ಯಾದೆ!

ಹೊಟ್ಟೆಗೆ ಏನಾದರೂ ಬಿದ್ದಿದೆಯೇ ಎಂದು ಕೇಳಿಕೊಂಡೇ ಸಕ್ಕರೆಯ ಸೂಜಿ ಕೊಡುವುದು ಅಲ್ಲಿಯ ಪದ್ಧತಿ. ಅಕ್ಷತಾ ಬಂದು, "ನಾಷ್ಟಾ ಆತೇನ್ರಿ ಆಯಿ?" ಎಂದು ಕೇಳಿದಳು. "ಆತವ್ವ. ನಿಂದಾತ?" "ನಂದೂ ಆತ್ರಿ." ಸೂಜಿ ಒಳಗೆ ಹೋಯಿತು. ಇದರಲ್ಲಿ ಯಾರ ತಪ್ಪು ಹೇಳು? ನಮ್ಮ ಕಡೆ ಊಟ ಆತೇನ್ರಿ ಎಂದರೆ ಅದು ನಮಸ್ಕಾರ ಇದ್ದ ಹಾಗೆ. ಆಗಿಲ್ಲ ಎಂದರೆ ಕೇಳಿದವರು ಎದ್ದು ತಾಟು ಇಡಬೇಕಾಗುತ್ತದೆ, ಅಷ್ಟು ಸಂಕಟ ಅವರಿಗೆ ಯಾಕೆ ಎಂದು ಮೂರು ಹೊತ್ತು ಉಪವಾಸ ಇದ್ದವರೂ ಆತ್ರಿ ಎನ್ನುತ್ತೇವೆ. ಬೇರೆ ನಾಡಿನ ನರ್ಸು ಆಗಿದ್ದರೆ ತಾಟು ಎತ್ತಿ ನೋಡುತ್ತಿದ್ದಳೋ ಏನೋ. ಅಕ್ಷತಾ ನಮ್ಮವಳು, ನಮ್ಮ ಹಾಗೆಯೇ ಕೇಳಿದಳು, ನಮ್ಮ ಹಾಗೆಯೇ ನಂಬಿದಳು.

ನಾನು ಆ ಹೊತ್ತಿಗೆ ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ಬಚ್ಚಲಿಗೆ ಹೋಗಿ ಬರುವಾಗ ಎಡಗಾಲಿನದು ಎಲ್ಲೋ ಉಳಿದಿತ್ತು, ನೋಡಿದರೆ ಮೆಟ್ಟಿಲ ಮೇಲೆ ಅನಾಥವಾಗಿ ಬಿದ್ದಿದೆ. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಒಳಗಿನಿಂದ ತಂಗೆವ್ವನ ದನಿ, "ಏ ಸಿಸ್ಟರಾ, ಓಡಿ ಬಾರ! ಮುದಕವ್ವ ತಣ್ಣಗಾಗಾಕತ್ತಾಳ!" ಓಡಿ ಬಾಗಿಲಿಗೆ ಬಂದರೆ ನಿನ್ನ ಆಯಿಯ ಮೈಯೆಲ್ಲ ಬೆವರು, ಕೈ ಗಡಗಡ ನಡುಗುತ್ತಿದೆ, ಕಣ್ಣು ಎಲ್ಲೆಲ್ಲೋ. ಅಕ್ಷತಾ ಮುಂಗೈ ಹಿಡಿದವಳೇ ಸಕ್ಕರೆ ಪೂರಾ ಇಳಿದುಹೋಗಿದೆ ಎಂದು ತಿಳಿದುಕೊಂಡಳು. "ಆಯಿ, ಖರೇ ಹೇಳ್ರಿ, ನಾಷ್ಟಾ ಮಾಡೀರಿಲ್ಲ?" ಆ ಸ್ಥಿತಿಯಲ್ಲೂ ನಿನ್ನ ಆಯಿ ತೊದಲುತ್ತ ಏನು ಅಂದಳು ಗೊತ್ತೇ? "ಆತವ್ವ... ನಿಂದಾತ?" ತಂಗೆವ್ವನಿಗೆ ತಡೆಯಲಾಗಲಿಲ್ಲ. "ಎಲ್ಲೀ ನಾಷ್ಟಾ! ನನ್ನ ಸಲುವಾಗಿ ಮುಚ್ಚಿಟ್ಟ ಕುಂತಾಳ, ಮಂಚದ ಬುಡಕ ನೋಡ!" ಅಕ್ಷತಾ "ಸಿಹಿ ಏನರೆ ಕೊಡ್ರಿ, ಲಗೂನ ಕೊಡ್ರಿ" ಎಂದು ಕೂಗಿದಳು. ತಂಗೆವ್ವ ಸಂಜೆಗೆಂದು ಇಟ್ಟುಕೊಂಡಿದ್ದ ಗಂಟು ಬಿಚ್ಚಿ, ಬೆಲ್ಲದ ಹೆಂಟೆಯನ್ನು ಮಂಚದ ಕಬ್ಬಿಣಕ್ಕೆ ಕುಟ್ಟಿ ಒಡೆದು, ಬಾತ ಕಾಲನ್ನು ಎಳೆದುಕೊಂಡು ಬಂದು, ನಿನ್ನ ಆಯಿಯ ಬಾಯಿಗೆ ತಮ್ಮ ಕೈಯಾರೆ ಇಟ್ಟರು. ಅದರ ಹಿಂದೆಯೇ ಅಕ್ಷತಾ ಗ್ಲುಕೋಸ್ ಕಲಸಿ ಗುಟುಕು ಗುಟುಕಾಗಿ ಕುಡಿಸಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು, ಕಣ್ಣು ನನ್ನನ್ನು ಗುರುತಿಸಿದವು. ಬಾಯಿಂದ ಬಂದ ಮೊದಲ ಮಾತು, "ಬೆಲ್ಲ ಮಾಲಿಂಗಪುರದ್ದೇನ?" ತಂಗೆವ್ವ, "ಮತ್ತ? ಬ್ಯಾರೇದ ನಾ ಮುಟ್ಟೂದಿಲ್ಲ" ಎಂದರು. ಆ ವಾರ್ಡಿನಲ್ಲಿ ಎದ್ದ ನಗೆ ಹೊರಗಿನ ರಸ್ತೆಗೆ ಕೇಳಿರಬೇಕು.

ನಾನು ನಗಲಿಲ್ಲ ಮಿತ್ರಾ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು ಅತ್ತೆ. ನಾನು ಹೊಸದಾಗಿ ಕಂಡಕ್ಟರ್ ಆದಾಗ ಬೀಳಗಿ ಗಾಡಿಯಲ್ಲಿ ಕೆಲವರು ಟಿಕೆಟಿನ ಚಿಲ್ಲರೆಯನ್ನು ನನ್ನ ಕೈಗೆ ತಾಗದಂತೆ ಗೇಣು ಮೇಲಿನಿಂದ ಬಿಡುತ್ತಿದ್ದರು. ಕೆಳಗೆ ಬಿದ್ದದ್ದನ್ನು ಬಗ್ಗಿ ಆರಿಸುತ್ತಿದ್ದೆ. ನಾವು ಯಾರೆಂದು ತಂಗೆವ್ವನಿಗೆ ಗೊತ್ತಿತ್ತು, ಬಂದ ದಿನವೇ ಕೇಳಿದ್ದರು, ನಿನ್ನ ಆಯಿ ಮುಚ್ಚುಮರೆ ಇಲ್ಲದೆ ಹೇಳಿದ್ದಳು. ಆದರೂ ಅವರ ಬೆರಳು ನನ್ನ ಹೆಂಡತಿಯ ತುಟಿಗೆ ತಾಗಿದ್ದನ್ನು ನಾನು ಕಣ್ಣಾರೆ ಕಂಡೆ. ಹೆದರಿಕೆ ಇಳಿದ ಮೇಲೆ ನನಗೆ ಉಳಿದದ್ದು ಸಂತೋಷವೇ.

ಡಾಕ್ಟರು ಅಕ್ಷತಾಳಿಗೆ ನಾಲ್ಕು ಮಾತು ಅಂದರು, ಅನ್ನಬೇಕಾದ್ದೇ. ಹುಡುಗಿ ಹಿಂದಿನ ಮೆಟ್ಟಿಲಲ್ಲಿ ಕುಳಿತು, "ನಾ ಕೇಳಿದ್ನಿರಿ ಮುತ್ಯಾ, ಖರೇನ ಕೇಳಿದ್ನಿ" ಎಂದು ಅಳುತ್ತಿದ್ದಳು. ನಿನ್ನ ಪತ್ರ ನನ್ನ ಅಂಗಿಯ ಕಿಸೆಯಲ್ಲೇ ಇತ್ತು, ನೀನೇ ಅಲ್ಲಿ ಕುಳಿತು ಅಳುತ್ತಿದ್ದ ಹಾಗೆ ಕಂಡಿತು. ಅವಳ ಪಕ್ಕದಲ್ಲಿ ಕುಳಿತು, "ನಿನ್ನ ನಾಷ್ಟಾ ಆತೇನವ್ವ?" ಎಂದೆ. "ಆತ್ರಿ ಮುತ್ಯಾ" ಎಂದಳು. ಅಂದವಳು ಗಕ್ಕನೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅವಳು ಮುಂಜಾನೆಯಿಂದ ಒಂದು ಗುಟುಕು ಚಹಾ ಕೂಡ ಕುಡಿದಿರಲಿಲ್ಲ. ಅಳುತ್ತಿದ್ದವಳಿಗೆ ಒಮ್ಮೆಲೇ ನಗು ಬಂತು, ನನಗೂ ಬಂತು. ಇಬ್ಬರೂ ಎದುರಿನ ಗಾಡಿಗೆ ಹೋಗಿ ಒಂದೊಂದು ಪ್ಲೇಟು ಮಿರ್ಚಿ ಭಜಿ ಚುರುಮುರಿ ತಿಂದು ಬಂದೆವು.

ಮಂಗಳವಾರ ಏನಾಯಿತು ಕೇಳು. ಅಕ್ಷತಾ ಬಂದವಳು ನಿಲ್ಲಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತಳು, ಕಾಗದವನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಳು. "ಆಯಿ, ಉಪ್ಪಿಟ್ಟಿಗೆ ಉಪ್ಪ ಸರಿ ಇತ್ತೇನ್ರಿ?" ನಿನ್ನ ಆಯಿ ರೂಢಿಯಂತೆ ಆತವ್ವ ಎನ್ನಲು ಬಾಯಿ ತೆರೆದಳು. ಆ ಉತ್ತರ ಈ ಪ್ರಶ್ನೆಗೆ ಹೊಂದಲಿಲ್ಲ. ಬಾಯಿ ಮುಚ್ಚಿದಳು. ಮತ್ತೆ ತೆರೆದು, "ಇನ್ನ ತಿಂದಿಲ್ಲವ್ವ" ಎಂದಳು! "ಹಂಗಾರ ತಿನ್ರಿ, ನಾ ಇಲ್ಲೇ ಕುಂತೇನಿ" ಎಂದು ತಾಟು ಖಾಲಿಯಾಗುವ ತನಕ ಕುಳಿತಳು. ತಿನ್ನುತ್ತಿರುವಾಗಲೇ ಮೆಲ್ಲಗೆ, "ರಾತ್ರಿ ಎದ್ದಾಗ ಲೈಟ್ ಹಚ್ತೀರೋ, ಕತ್ತಲಾಗ ಹೋಗ್ತೀರೋ?" ಎಂದು ಕೇಳಿದಳು. "ಕತ್ತಲಾಗ ಹೋಗ್ತೀನವ್ವ, ಮ್ಯಾಲಿಂದ ಮ್ಯಾಲೆ ಏಳಬೇಕಲ್ಲ, ಮುದುಕಗ ಎಚ್ಚರಾಗ್ತೈತಿ ಪಾಪ" ಎಂದಳು ನಿನ್ನ ಆಯಿ. ಶನಿವಾರ ಛಲೋ ಇದ್ದ ನಿದ್ದೆಯ ಬಂಡವಾಳ ಹೀಗೆ ಹೊರಗೆ ಬಂತು. ನನಗಾಗಿ ಕತ್ತಲಲ್ಲಿ ತಡಕಾಡಿಕೊಂಡು ನಡೆಯುತ್ತಿದ್ದಳು ಎಂದು ನನಗೂ ಅವತ್ತೇ ಗೊತ್ತಾದದ್ದು.

ತಂಗೆವ್ವನನ್ನೂ ಅವಳು ನೋವು ಯಾವಾಗಿನಿಂದ ಎಂದು ಕೇಳಲಿಲ್ಲ. "ಮುಳುಗಡಿಗೂ ಮೊದಲ ಹೊಳೀಂದ ಎಷ್ಟ ಕೊಡ ತರತಿದ್ರಿ?" ಎಂದಳು. ಬೀಳಗಿಯ ಹುಡುಗಿ, ಆ ಮಂದಿ ಎಲ್ಲ ಲೆಕ್ಕವನ್ನೂ ನೀರು ಬಂದ ವರ್ಷದಿಂದ ಹಿಡಿಯುತ್ತಾರೆಂದು ಅವಳಿಗೆ ಗೊತ್ತು. ತಂಗೆವ್ವ ಹಳೆಯ ಮನೆಯ ಮೆಟ್ಟಿಲು, ಹೊಳೆಯ ದಾರಿ, ತಲೆಯ ಮೇಲೊಂದು ಬಗಲಲ್ಲೊಂದು ಕೊಡ, ಕಾಲು ಜಾರಿ ಬಿದ್ದ ದಿನ ಎಲ್ಲವನ್ನೂ ಹೇಳಿದರು. ಅಲ್ಲಿಯ ತನಕ ಆ ಬಿದ್ದ ಮಾತನ್ನು ಅವರು ಯಾವ ಡಾಕ್ಟರಿಗೂ ಹೇಳಿರಲಿಲ್ಲವಂತೆ.

ನನಗೆ ಇದನ್ನೆಲ್ಲ ನೋಡುತ್ತ ನನ್ನ ಬಸ್ಸು ನೆನಪಾಯಿತು. ತುಂಬಿದ ಗಾಡಿಯಲ್ಲಿ ಟಿಕೀಟ ಆತೇನ್ರಿ ಎಂದು ಕೇಳಿದರೆ ಎಲ್ಲರದ್ದೂ ಆಗಿರುತ್ತದೆ. ಯಾವ ಊರ್ರಿ ಎಂದು ಕೇಳಬೇಕು. ಬನಹಟ್ಟಿಯ ನೇಕಾರರು ಮಗ್ಗದ ಸದ್ದಿನಲ್ಲೇ ಬೆಳೆದವರು, ಮೆಲ್ಲಗೆ ಕೇಳಿದರೆ ಕೇಳಿಸದೆಯೂ ಹೂಂ ಎಂದು ತಲೆಯಾಡಿಸುತ್ತಾರೆ, ಅವರೆದುರಿಗೆ ನಿಂತು ಮುಖ ಕಾಣುವಂತೆ ಕೇಳಬೇಕು. ಮುಳುಗಡೆಯ ಮಂದಿ ಹೊಸ ಊರಿಗೆ ಹೊರಟಿದ್ದರೂ ಹಳೆಯ ಊರಿನ ಹೆಸರೇ ಹೇಳುತ್ತಾರೆ, ತಿದ್ದದೆ ಟಿಕೆಟು ಹರಿಯಬೇಕು. ಇದನ್ನು ನನಗೆ ಯಾರೂ ಕಲಿಸಲಿಲ್ಲ, ಬೈಸಿಕೊಂಡು ಬೈಸಿಕೊಂಡು ಕಲಿತೆ. ನೀನು ಒಂದು ಸಲ ಬೈಸಿಕೊಂಡಿದ್ದೀ, ಅಷ್ಟೇ.

ನಿನ್ನ ಗೋಕಾಕದ ಮುದುಕ ಸುಳ್ಳುಗಾರನಲ್ಲ. ಮೊಮ್ಮಗಳ ವಯಸ್ಸಿನ ಹುಡುಗಿ, ಹೆದರಿದ ಮುಖ, ಕೈಯಲ್ಲಿ ಕಾಗದ. ಇವಳ ತಲೆಯ ಮೇಲೆ ನನ್ನ ನೋವು ಯಾಕೆ ಹೊರಿಸಲಿ ಎಂದು ನಿನಗೆ ಮರ್ಯಾದೆ ಕೊಟ್ಟ. ಅಂಥವನ ಹತ್ತಿರ ಕುಳಿತುಕೋ, ಹೊಲದಲ್ಲಿ ಏನು ಬಿತ್ತಿದ್ದಾನೆ ಕೇಳು, ಈಗ ಬಗ್ಗಿ ಕಳೆ ತೆಗೆಯುತ್ತಾನೋ ಸೊಸೆಗೆ ಬಿಟ್ಟಿದ್ದಾನೋ ಕೇಳು. ಹೊಟ್ಟೆ ತಾನೇ ಮಾತಾಡುತ್ತದೆ. ನಿನಗೆ ಮಾತು ಬರುವುದಿಲ್ಲ ಎಂದಿಯಲ್ಲ, ಮಾತು ಬೇಕಾಗಿರುವುದು ಅವನ ಬಾಯಿಂದ. ನೀನು ಸಣ್ಣವಳಿದ್ದಾಗ ನಾನು ಡ್ಯೂಟಿ ಮುಗಿಸಿ ಬಂದರೆ ಎಲ್ಲರೂ ದಣಿದಿರೇನು ಎಂದು ಕೇಳುತ್ತಿದ್ದರು, ನಾನು ಇಲ್ಲ ಎನ್ನುತ್ತಿದ್ದೆ. ನೀನು ಮಾತ್ರ ನನ್ನ ತೊಡೆಯೇರಿ, "ಇವತ್ತ ಬಸ್ಸಿನ್ಯಾಗ ಯಾರ ಜಗಳಾ ತಗದ್ರು ಮುತ್ಯಾ?" ಎನ್ನುತ್ತಿದ್ದಿ. ನಿನ್ನ ಮುಂದೆ ಎಲ್ಲ ಹೇಳಿ ಹಗುರಾಗಿ ಮಲಗುತ್ತಿದ್ದೆ. ಈ ಕೆಲಸ ನಿನ್ನದಲ್ಲ ಎಂದು ಇನ್ನೊಮ್ಮೆ ಬರೆದರೆ ನೋಡು.

ನಿನ್ನ ಆಯಿ ಬೆಲ್ಲ ಬಿಟ್ಟಿದ್ದಾಳೆ, ಬೈಯುವುದನ್ನು ಬಿಟ್ಟಿಲ್ಲ. ಮುಂದಿನ ಸೋಮವಾರ ತಂಗೆವ್ವ ನಮ್ಮ ಮನೆಗೆ ಬರುತ್ತಾರಂತೆ, ಸಂಜೆ ಪೂಜೆ ಮುಗಿಸಿ ಇಲ್ಲಿಯೇ ಊಟ ಎಂದು ಇಬ್ಬರೂ ಗಟ್ಟಿ ಮಾಡಿಕೊಂಡಿದ್ದಾರೆ. ನಿನ್ನ ಅವ್ವ ಈಗಿನಿಂದಲೇ ಯಾವ ಪಲ್ಯ ಎಂದು ಚಿಂತೆಗೆ ಬಿದ್ದಿದ್ದಾಳೆ. ಎಲ್ಲರೂ ನಿನ್ನನ್ನು ನೆನೆಸುತ್ತಾರೆ. ನಿನ್ನ ಕೈ ಹಗುರಾಗಲಿ, ನಿನ್ನ ಮುಂದೆ ಕುಳಿತವರ ಮನಸ್ಸು ಹಗುರಾಗಲಿ, ನೂರು ವರ್ಷ ಬಾಳು.

ನಿನ್ನ ಮುತ್ಯಾ,
ಹಣಮಂತ

ತಾ.ಕ.: ಪೋಸ್ಟಿನ ಡಬ್ಬಿಯ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಾವರಿಸಿಕೊಂಡು ಓದು. ರವಿವಾರ ನಾನು ಬರುವುದು ನಿನ್ನನ್ನು ಕರೆತರಲಿಕ್ಕಲ್ಲ, ನಿನಗೆ ತೋರಿಸಿಕೊಳ್ಳಲಿಕ್ಕೆ. ಚಪ್ಪಲಿ ಕಳೆಯುತ್ತಿಲ್ಲ ಅವ್ವಾ, ಕಾಲಿನಿಂದ ಜಾರಿದ್ದು ಕಾಲಿಗೆ ಗೊತ್ತಾಗುತ್ತಿಲ್ಲ. ಅಂಗಾಲು ಜೋಮು ಹಿಡಿದು ಬಹಳ ದಿನವಾಯಿತು. ಡಾಕ್ಟರು ಕೇಳಿದಾಗ ಆರಾಮ ಐತ್ರಿ ಅಂದೆ, ಅಕ್ಷತಾ ಕೇಳಿದಾಗಲೂ ಅಂದೆ, ನಿನಗೂ ಮೇಲೆ ಹಾಗೆಯೇ ಬರೆದಿದ್ದೇನೆ. ನಿನ್ನ ಆಯಿಗೆ ಇನ್ನೂ ಹೇಳಿಲ್ಲ. ನೀನು ಕಾಗದ, ಪೆನ್ನು ತೆಗೆದುಕೊಂಡು ಗೇಟಿನ ಹತ್ತಿರ ಕುಳಿತಿರು. ಹೇಗಿದ್ದೀ ಎಂದು ಮಾತ್ರ ಕೇಳಬೇಡ, ಮತ್ತೆ ಆರಾಮ ಅಂದುಬಿಡುತ್ತೇನೆ. ಚಪ್ಪಲಿ ಎಲ್ಲಿ ಬಿಟ್ಟಿ ಮುತ್ಯಾ ಎಂದು ಕೇಳು.